ಪಂಚಮಕಾಲದ ನೆಪ

ಬೆಳಗಾವಿಯ ಹಿಂದವಾಡಿ ಅಧ್ಯಾಪಕರು, ನಿವೃತ್ತ ನೌಕರರು, ವರ್ತಕರು, ವೈದ್ಯರು ನೆಲೆಸಿದ ಬಡಾವಣೆ. ಗುರುದೇವ ರಾನಡೆಯವರ ಹೆಸರಿನೊಂದಿಗೆ ಬೆಸೆದುಕೊಂಡ ತತ್ತ್ವಜ್ಞಾನ ಮತ್ತು ಧರ್ಮಗಳ ತೌಲನಿಕ ಅಧ್ಯಯನದ ಅಕಾಡೆಮಿ ಇಲ್ಲಿದೆ. ಜೈನ ಶ್ರಾವಕರ ಮನೆಗಳೂ ಇಲ್ಲಿ ಹೆಚ್ಚು. ದಶಲಕ್ಷಣ ಪರ್ವದ ಸಂಜೆಗಳಲ್ಲಿ ಪ್ರವಚನ ಮುಗಿದು ಜನ ಹೊರಗೆ ಬಂದು ಚಪ್ಪಲಿ ಮೆಟ್ಟುವ ಹೊತ್ತಿಗೆ ಮಾತು ತಾನಾಗಿಯೇ ಲೋಕದ ಕಡೆಗೆ ಹೊರಳುತ್ತದೆ. ದೊಡ್ಡ ಹುದ್ದೆಯಲ್ಲಿದ್ದವರ ಮನೆಯಲ್ಲಿ ಸಿಕ್ಕ ನೋಟಿನ ಕಂತೆಗಳು, ಕುಸಿದ ಸೇತುವೆ, ಹಣಕ್ಕೆ ಸಿಗುವ ಪದವಿ, ಮತಕ್ಕೆ ಹಂಚುವ ಸೀರೆ. ಕೊನೆಗೆ ಯಾರಾದರೊಬ್ಬ ಹಿರಿಯರು ನಿಟ್ಟುಸಿರಿಟ್ಟು ಹೇಳುತ್ತಾರೆ: ‘ಪಂಚಮಕಾಲ ಅಲ್ಲವೇ? ಹೀಗೇ ಇರುವುದು.’ ಅಲ್ಲಿಗೆ ಮಾತು ಮುಗಿಯುತ್ತದೆ. ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ.

ಈ ನೆಮ್ಮದಿಯೇ ಪ್ರಶ್ನಾರ್ಹವಾದುದು. ಪಂಚಮಕಾಲವೆಂಬುದು ಶಾಸ್ತ್ರದ ಮಾತು, ನಿಜ. ಅವಸರ್ಪಿಣಿಯ ಆರು ಕಾಲಗಳಲ್ಲಿ ಐದನೆಯದಾದ ದುಃಷಮಾ ಕಾಲದ ಅವಧಿ 21,000 ವರ್ಷ. ಭಗವಾನ್ ಮಹಾವೀರರು ನಿರ್ವಾಣ ಹೊಂದಿ ಮೂರು ವರ್ಷ ಎಂಟೂವರೆ ತಿಂಗಳು ಕಳೆದ ಮೇಲೆ ಅದು ಆರಂಭವಾಯಿತೆಂದು ಆಗಮ ಹೇಳುತ್ತದೆ. ಆ ಲೆಕ್ಕದಲ್ಲಿ ಈವರೆಗೆ ಕಳೆದಿರುವುದು ಸುಮಾರು 2,550 ವರ್ಷ. ಉಳಿದಿರುವುದು 18,000ಕ್ಕೂ ಹೆಚ್ಚು. ಅಷ್ಟು ದೀರ್ಘಕಾಲ ಕೈಕಟ್ಟಿ ಕೂರಲು ಶಾಸ್ತ್ರ ಯಾರಿಗಾದರೂ ಅನುಮತಿ ಕೊಟ್ಟಿದೆಯೇ ಎಂದು ಕೇಳಿಕೊಳ್ಳಬೇಕು.

ಕೊಟ್ಟಿಲ್ಲ. ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ ಪಂಚಮಕಾಲದ ಕಟ್ಟಕಡೆಯ ದಿನವನ್ನು ವರ್ಣಿಸುತ್ತದೆ. ಆಗ ಆಳುವ ಕಲ್ಕಿ ರಾಜನಿಗೆ ಲೋಕದಲ್ಲಿ ಯಾರ ಮೇಲೆ ತೆರಿಗೆ ಬಾಕಿಯಿದೆ ಎಂಬ ಚಿಂತೆ. ಏನೂ ಇಲ್ಲದ ನಿರ್ಗ್ರಂಥ ಮುನಿಯೊಬ್ಬರು ಉಳಿದಿದ್ದಾರೆಂದು ತಿಳಿದಾಗ, ಅವರ ಅಂಗೈಗೆ ಬೀಳುವ ಮೊದಲ ತುತ್ತನ್ನೇ ತೆರಿಗೆಯಾಗಿ ಕೇಳುತ್ತಾನೆ. ಮುನಿಗಳು ತುತ್ತನ್ನು ಬಿಟ್ಟು ಹಿಂದಿರುಗಿ ಸಲ್ಲೇಖನ ಸ್ವೀಕರಿಸುತ್ತಾರೆ. ಅಧಿಕಾರದ ಅಧೋಗತಿಗೆ ಇದಕ್ಕಿಂತ ತೀಕ್ಷ್ಣವಾದ ಚಿತ್ರ ಸಿಗುವುದು ಕಷ್ಟ. ಆದರೆ ಆ ಕಥೆಯಲ್ಲಿ ಪ್ರವಚನಗಳಲ್ಲಿ ಹೆಚ್ಚು ಒತ್ತು ಸಿಗದ ಇನ್ನೊಂದು ಮಾತಿದೆ. ಅಂದು ಮುನಿಗಳು ಒಬ್ಬರೇ ಇರುವುದಿಲ್ಲ. ಒಬ್ಬ ಆರ್ಯಿಕೆ, ಒಬ್ಬ ಶ್ರಾವಕ, ಒಬ್ಬ ಶ್ರಾವಿಕೆ ಜೊತೆಗಿರುತ್ತಾರೆ. ಅಂದರೆ ಆ ಕೊನೆಯ ದಿನದ ಬೆಳಗಿನವರೆಗೂ ಧರ್ಮ ಇರುತ್ತದೆ, ಮತ್ತು ಅದನ್ನು ಹಿಡಿದುಕೊಂಡ ನಾಲ್ವರಲ್ಲಿ ಇಬ್ಬರು ಸಂಸಾರಸ್ಥರು. ಹೀಗಿರುವಾಗ ಕಾಲದ ಮೇಲೆ ತಪ್ಪು ಹೊರಿಸುವ ಗೃಹಸ್ಥ ತನ್ನ ಪಾಲಿನ ಕೆಲಸದಿಂದ ನುಣುಚಿಕೊಳ್ಳುತ್ತಿದ್ದಾನೆ, ಅಷ್ಟೆ.

ಮೇಲಿನವರು ಏಕೆ ಕೆಡುತ್ತಾರೆ? ಆದಿಪುರಾಣದ ಒಂದು ಪ್ರಸಂಗ ಇದಕ್ಕೆ ಉತ್ತರಿಸುತ್ತದೆ. ಷಟ್ಖಂಡವನ್ನು ಗೆದ್ದು ಬಂದ ಭರತ ಚಕ್ರವರ್ತಿಗೆ ಸಂಪತ್ತನ್ನು ದಾನ ಮಾಡಬೇಕೆನಿಸಿತು. ಮುನಿಗಳಿಗೆ ಹೊನ್ನು ಬೇಕಿಲ್ಲ, ಗೃಹಸ್ಥರಲ್ಲಿ ಅರ್ಹರಾರು? ಎಲ್ಲರಿಗೂ ಕರೆ ಕಳುಹಿಸಿ, ಅರಮನೆಯ ಅಂಗಳದ ತುಂಬ ಹಸಿರು ಮೊಳಕೆಗಳನ್ನೂ ಹೂಗಳನ್ನೂ ಹರಡಿಸಿದ. ಬಹಳ ಮಂದಿ ಮೊಳಕೆಗಳನ್ನು ತುಳಿಯುತ್ತ ನೇರವಾಗಿ ಒಳಗೆ ಬಂದರು. ಕೆಲವರು ಹೊರಗೇ ನಿಂತರು. ಅವರನ್ನು ಬೇರೆ ದಾರಿಯಿಂದ ಕರೆಸಿ ಕಾರಣ ಕೇಳಿದಾಗ, ಮೊಳಕೆಯಲ್ಲಿರುವ ಅನಂತ ಜೀವಿಗಳನ್ನು ತುಳಿದು ಬರಲಾರೆವು ಎಂದರು. ಚಕ್ರವರ್ತಿ ಗೌರವಿಸಿದ್ದು ಅವರನ್ನು. ಬಾಗಿಲಲ್ಲಿ ಸಂಪತ್ತು ಕಾಯುತ್ತಿದ್ದಾಗಲೂ ಕಾಲು ಹಿಂದೆಗೆದವರು ಆ ದಿನ ಶ್ರೇಷ್ಠರೆನಿಸಿದರು.

ಜಿನಸೇನಾಚಾರ್ಯರು ಕಥೆಯನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ. ತಾನು ಮಾಡಿದ್ದು ಸರಿಯೇ ಎಂದು ಭರತ ತಂದೆಯಾದ ವೃಷಭ ಜಿನೇಶ್ವರರನ್ನು ಕೇಳುತ್ತಾನೆ. ಈಗ ಇವರು ಯೋಗ್ಯರೇ. ಆದರೆ ಮುಂದಿನ ಕಾಲದಲ್ಲಿ ಇವರ ಸಂತತಿ ತಾವು ಶ್ರೇಷ್ಠರೆಂಬ ಮದದಿಂದ ದಾರಿ ತಪ್ಪುವುದೆಂಬ ಅರ್ಥದ ಉತ್ತರ ಸಿಗುತ್ತದೆ. ಇದನ್ನು ಯಾವುದೋ ಒಂದು ಸಮುದಾಯದ ಕಡೆಗೆ ಬೆರಳು ತೋರಲು ಬಳಸುವವರಿದ್ದಾರೆ. ಅದು ಸಣ್ಣ ಓದು. ಅಜ್ಜ ಸಂಯಮದಿಂದ ಗಳಿಸಿದ ಗೌರವವನ್ನು ಮೊಮ್ಮಗ ಹಕ್ಕೆಂದು ಕೇಳುವ ಪ್ರತಿಯೊಂದು ಮನೆಗೂ, ಪ್ರತಿಯೊಂದು ಟ್ರಸ್ಟಿಗೂ, ಪ್ರತಿಯೊಂದು ಕುರ್ಚಿಗೂ ಆ ಮಾತು ಸಲ್ಲುತ್ತದೆ. ಮೊಳಕೆಯನ್ನು ತುಳಿಯದವನೆಂಬ ಕಾರಣಕ್ಕೆ ಸಿಕ್ಕ ಪೀಠದ ಮೇಲೆ ಮೊಳಕೆ ಎಂದರೇನೆಂದು ತಿಳಿಯದವನು ಕೂತಾಗ ಅವನತಿ ಆರಂಭವಾಗುತ್ತದೆ. ಹೊರಗಿನ ಗುರುತುಗಳೆಲ್ಲ ಹಾಗೆಯೇ ಇರುತ್ತವೆ. ಆದ್ದರಿಂದ ಅವನತಿ ಬಹುಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಕೆಟ್ಟದ್ದು ಮತ್ತೆ ನೇರಾಗುವುದು ಹೇಗೆ? ಇದಕ್ಕೆ ಪುರಾಣಕಾಲಕ್ಕೆ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯವರು ತಮ್ಮ ಅಜ್ಜ ಮುತ್ತಜ್ಜಂದಿರ ಕಾಲಕ್ಕೆ ಹೋದರೆ ಸಾಕು.

ನಿಪ್ಪಾಣಿಯ ಬಳಿ ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವಲ್ಲಿ ಭೋಜ ಎಂಬ ಊರಿದೆ. ಅಲ್ಲಿಯ ಭೀಮಗೌಡ ಪಾಟೀಲರ ಮಗ ಸಾತಗೌಡ. 1872ರಲ್ಲಿ ತಾಯಿಯ ತವರಾದ ಯಳಗುಡದಲ್ಲಿ ಜನನ. ಬೆಳೆದದ್ದು ಹೊಲದ ನಡುವೆ. ಮುನಿಗಳೊಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು ತುಂಬಿದ ಹೊಳೆ ದಾಟಿಸುತ್ತಿದ್ದರೆಂದು, ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಡುತ್ತಿದ್ದರೆಂದು ಆ ಭಾಗದ ಹಳಬರು ಇಂದಿಗೂ ಹೇಳುತ್ತಾರೆ. ತಂದೆ ತಾಯಿಯರ ಸೇವೆ ಮುಗಿದ ಮೇಲೆ, ನಡುವಯಸ್ಸು ದಾಟಿದಾಗ ಕ್ಷುಲ್ಲಕ ದೀಕ್ಷೆ. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ. ಲೋಕ ಅವರನ್ನು ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರೆಂದು ಬಲ್ಲದು.

ಅವರು ದೀಕ್ಷೆ ಪಡೆದ ದಿನಗಳಲ್ಲಿ ದಿಗಂಬರ ಮುನಿಗಳು ಬೆರಳೆಣಿಕೆಯಷ್ಟು. ಇದ್ದವರ ಆಚರಣೆಯಲ್ಲಿಯೂ ಕಾಲಕ್ಕೆ ತಕ್ಕ ಹೊಂದಾಣಿಕೆಗಳು ಸೇರಿಹೋಗಿದ್ದವು. ಊರೊಳಗೆ ನಡೆಯುವಾಗ ಬಟ್ಟೆ ಹೊದ್ದುಕೊಳ್ಳುವುದು ರೂಢಿಯಾಗಿತ್ತು. ಆಹಾರಕ್ಕೆ ಯಾವ ಮನೆಗೆ ಹೋಗಬೇಕೆಂಬುದನ್ನು ಬಸದಿಯ ಉಪಾಧ್ಯೆ ಮೊದಲೇ ಗೊತ್ತುಪಡಿಸಿ, ಅಲ್ಲಿಗೆ ಕರೆದೊಯ್ಯುತ್ತಿದ್ದ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಶತಮಾನಗಳ ಕಷ್ಟಕಾಲದಲ್ಲಿ ಪರಂಪರೆ ಉಳಿಯಲೆಂದು ಮಾಡಿಕೊಂಡ ಅನುಕೂಲಗಳಿವು; ಗ್ರಂಥಗಳನ್ನೂ ಬಸದಿಗಳನ್ನೂ ಕಾಯ್ದ ಭಟ್ಟಾರಕ ಪೀಠಗಳ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಆದರೂ ನಿಯಮ ನಿಯಮವೇ. ಮುನಿಗಾಗಿಯೇ ಉದ್ದೇಶಿಸಿ ಮಾಡಿದ ಅಡುಗೆ ಉದ್ದಿಷ್ಟ ಆಹಾರ. ಅದು ಮುನಿಗೆ ವರ್ಜ್ಯ. ಮೊದಲೇ ಮನೆ ಗೊತ್ತುಮಾಡುವುದೆಂದರೆ ಆ ನಿಯಮವನ್ನು ಮುರಿದಂತೆಯೇ.

ಶಾಂತಿಸಾಗರರು ಯಾರನ್ನೂ ಬೈಯಲಿಲ್ಲ, ಸಭೆ ಕರೆಯಲಿಲ್ಲ. ಗೊತ್ತುಮಾಡಿದ ಮನೆಗೆ ಹೋಗಲು ಒಪ್ಪಲಿಲ್ಲ, ಅಷ್ಟೆ. ಶಾಸ್ತ್ರದಲ್ಲಿ ಹೇಳಿದಂತೆ ಮನದಲ್ಲಿ ಮೌನ ಸಂಕಲ್ಪ ಮಾಡಿಕೊಂಡು ಹೊರಟು, ಅದಕ್ಕೆ ಹೊಂದುವ ಮನೆಯ ಮುಂದೆ ಮಾತ್ರ ನಿಲ್ಲುವುದು; ಹೊಂದದಿದ್ದರೆ ಉಪವಾಸವಿದ್ದು ಮರಳುವುದು. ಪದ್ಧತಿ ತಿಳಿಯದ ಜನರ ನಡುವೆ ಇದು ಹಸಿವಿನ ದಾರಿಯೇ ಆಗಿತ್ತು.

ಇಲ್ಲಿ ಗಮನಿಸಬೇಕಾದದ್ದು ಮುನಿಗಳ ಹಸಿವನ್ನು ಮಾತ್ರವಲ್ಲ, ಅದು ಊರಿನಲ್ಲಿ ತಂದ ಬದಲಾವಣೆಯನ್ನು. ಮನೆಯನ್ನು ಮೊದಲೇ ಗೊತ್ತುಪಡಿಸುವಾಗ ಅನುಕೂಲಸ್ಥರ ಮನೆ ಮುಂದೆ ಬರುವುದು ಸಹಜ. ಉಳಿದವರು ದೂರದಿಂದ ಕೈಮುಗಿಯುತ್ತಾರೆ. ಅವರ ಅಡುಗೆಮನೆ ಹೇಗಿದ್ದರೂ ನಡೆಯುತ್ತದೆ. ಮುನಿ ಯಾವ ಬಾಗಿಲಲ್ಲಿ ನಿಲ್ಲುವರೆಂದು ಯಾರಿಗೂ ತಿಳಿಯದಾದಾಗ ಪ್ರತಿಯೊಂದು ಮನೆಯೂ ಸಿದ್ಧವಾಗಬೇಕಾಯಿತು. ನೀರು ಸೋಸಬೇಕು, ಧಾನ್ಯ ಆರಿಸಬೇಕು, ಮನೆಯವರು ತಾವೂ ಅದೇ ಶುದ್ಧ ಅನ್ನವನ್ನು ಉಣ್ಣಬೇಕು; ಕಳಶ ಹಿಡಿದು ಬಾಗಿಲಲ್ಲಿ ಗಂಡ ಹೆಂಡಿರು ನಿಲ್ಲಬೇಕು. ಗೌಡರ ವಾಡೆಯನ್ನು ದಾಟಿ ಕೂಲಿಯವನ ಒಂದೇ ಅಂಕಣದ ಮನೆಯ ಮುಂದೆ ಮುನಿಗಳು ನಿಂತುಬಿಡಬಹುದು. ಒಬ್ಬರು ತಮ್ಮ ನಿಯಮವನ್ನು ಪೂರ್ತಿಯಾಗಿ ಪಾಲಿಸಿದ್ದರಿಂದ ನೂರು ಮನೆಗಳು ತಮ್ಮ ನಿಯಮವನ್ನು ನೆನಪಿಸಿಕೊಂಡವು. ಸಮಾಜ ಹೊಸತಾಗುವುದು ಹೀಗೆ. ಭಾಷಣಕ್ಕೆ ಇಷ್ಟು ಶಕ್ತಿಯಿಲ್ಲ.

1924ರಲ್ಲಿ ಸಮಡೋಳಿಯಲ್ಲಿ ಅವರಿಗೆ ಆಚಾರ್ಯ ಪದ ಬಂತು. 1928ರಲ್ಲಿ ಸಂಘ ಕಾಲ್ನಡಿಗೆಯಲ್ಲಿ ಸಮ್ಮೇದಗಿರಿಯನ್ನು ಮುಟ್ಟಿತು. ಉತ್ತರ ಭಾರತದ ಜನ ತಲೆಮಾರುಗಳಿಂದ ಕಾಣದಿದ್ದ ನಿರ್ಗ್ರಂಥ ರೂಪವನ್ನು ಕಂಡರು. 1955ರ ಸೆಪ್ಟೆಂಬರಿನಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನದಿಂದ ದೇಹ ಬಿಟ್ಟರು. ಅವರ ಬಳಿಕ ಇದೇ ಜಿಲ್ಲೆಯ ಕೋಥಳಿಯಿಂದ ದೇಶಭೂಷಣ ಮಹಾರಾಜರು, ಶೇಡಬಾಳದಿಂದ ವಿದ್ಯಾನಂದರು, ಸದಲಗದಿಂದ ವಿದ್ಯಾಸಾಗರರು ಬಂದರು. ಕಬ್ಬು ತಂಬಾಕು ಬೆಳೆಯುವ ಹಳ್ಳಿಗಳು ಒಂದರ ಹಿಂದೆ ಒಂದರಂತೆ ನಾಡಿಗೆ ಆಚಾರ್ಯರನ್ನು ಕೊಟ್ಟವು. ಪಂಚಮಕಾಲದಲ್ಲಿಯೇ.

ಗೃಹಸ್ಥರ ನಡುವೆಯೂ ಇಂಥದೇ ನಡೆಯಿತು. 1899ರಲ್ಲಿ ನಿಪ್ಪಾಣಿ ಬಳಿಯ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಓದಿಗಾಗಿ ಊರು ಬಿಟ್ಟು ಬರುವ ಮಕ್ಕಳಿಗೆ ಬೋರ್ಡಿಂಗುಗಳನ್ನು ತೆರೆಯಿತು. ಹಳ್ಳಿಯ ಎಷ್ಟೋ ಮನೆಗಳಿಗೆ ಮೊದಲ ಪದವೀಧರ ಬಂದದ್ದು ಆ ಅನ್ನದಿಂದ. ಆದರೆ ಸುಧಾರಣೆಗೂ ವಯಸ್ಸಾಗುತ್ತದೆ. ಕುಂಭೋಜದಲ್ಲಿ ಹುಟ್ಟಿದ ಭಾವೂರಾವ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ, ಅಸ್ಪೃಶ್ಯರೆನಿಸಿದ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದು ಮೈಲಿಗೆ ಕಳೆಯುವ ಸ್ನಾನ ಮಾಡಲು ಒಪ್ಪದೆ ಹೊರಬೀಳಬೇಕಾಯಿತು. ಜೀವದಯೆಯ ಧರ್ಮದ ಮನೆಯಲ್ಲಿಯೇ ಹೀಗೆ! ಆ ಹುಡುಗ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಾತಾರೆಯ ಅವರ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಂಡರು. ಒಮ್ಮೆ ಮಕ್ಕಳಿಗೆ ಅಡುಗೆಗೆ ಕಾಳು ಇಲ್ಲವಾದಾಗ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ಪರಿಗ್ರಹ ಪರಿಮಾಣ ವ್ರತದ ವ್ಯಾಖ್ಯಾನವನ್ನು ಓದಿದವರು ಅನೇಕರು. ಕೊರಳಿನಿಂದ ಬಿಚ್ಚಿದವರು ಆಕೆ.

ಇನ್ನು ಇಂದಿನ ಮಾತು. ಮುನಿಗಳು ಊರಿಗೆ ಬಂದಾಗ ಮೆರವಣಿಗೆ ದೊಡ್ಡದಾಗುತ್ತಿದೆ, ಸ್ವಾಗತ ಫಲಕಗಳು ದೊಡ್ಡದಾಗುತ್ತಿವೆ. ಫಲಕದಲ್ಲಿ ಮುನಿಗಳ ಚಿತ್ರಕ್ಕಿಂತ ಸ್ವಾಗತ ಕೋರುವವರ ಚಿತ್ರಗಳು ಹೆಚ್ಚು ಜಾಗ ಹಿಡಿಯುತ್ತವೆ. ಒಂದು ಚಿಂದಿ ಬಟ್ಟೆಯನ್ನೂ ಇಟ್ಟುಕೊಳ್ಳದವರ ಮುಂದೆ ಎಲ್ಲವನ್ನೂ ಇಟ್ಟುಕೊಂಡವರು ಸಾಷ್ಟಾಂಗ ಬಿದ್ದು ಏಳುತ್ತಾರೆ, ಮತ್ತು ಎದ್ದ ಮೇಲೆ ಅದೇ ಅಂಗಡಿಗೆ, ಅದೇ ಕಚೇರಿಗೆ ಹೋಗುತ್ತಾರೆ. ಅವರ ತ್ಯಾಗ ಇವರ ಖಾತೆಗೆ ಜಮೆಯಾಗುವುದಿಲ್ಲ.

ಗೃಹಸ್ಥನ ನಿಯಮವೇನು ಅಸ್ಪಷ್ಟವೇ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತಕ್ಕೆ ತಗಲುವ ಐದು ದೋಷಗಳನ್ನು ಹೇಳಿದ್ದಾರೆ. ಅವು ವ್ಯಾಪಾರ ವ್ಯವಹಾರ ಬಲ್ಲವರು ಬರೆದಂತಿವೆ. ಕಳವಿಗೆ ಪ್ರೇರಿಸುವುದು ಮೊದಲನೆಯದು: ತಾನು ಕೈಯೊಡ್ಡದೆ ಕೆಳಗಿನ ಗುಮಾಸ್ತನಿಂದ ಲಂಚ ತೆಗೆಸುವ ಅಧಿಕಾರಿ ಇದರೊಳಗೆ ಬರುತ್ತಾನೆ. ಎರಡನೆಯದು ಕದ್ದ ಮಾಲನ್ನು ಕೊಳ್ಳುವುದು. ಮೂರನೆಯದಾದ ವಿರುದ್ಧರಾಜ್ಯಾತಿಕ್ರಮವೆಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ಗಳಿಸುವುದು. ಇಂದಿನ ಮಾತಿನಲ್ಲಿ ಎರಡು ಲೆಕ್ಕದ ಪುಸ್ತಕ, ನೋಂದಣಿ ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ. ನಾಲ್ಕನೆಯದು ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು. ಅಳತೆಯೆಂದರೆ ತಕ್ಕಡಿಯೊಂದೇ ಅಲ್ಲ. ಪೂರ್ತಿ ಸಂಬಳ ಎಣಿಸಿಕೊಂಡು ತರಗತಿಗೆ ಅರ್ಧ ಹೊತ್ತು ಹೋಗುವ ಮೇಷ್ಟರೂ ಕಡಿಮೆ ತೂಗಿದವರೇ. ಐದನೆಯದು ಒಳ್ಳೆಯದರಲ್ಲಿ ಕೀಳನ್ನು ಬೆರೆಸುವುದು; ಹಾಲಿಗೆ ನೀರು, ಸಿಮೆಂಟಿಗೆ ಮರಳು. ಕುಸಿದ ಸೇತುವೆಯ ಕಥೆ ಸಾವಿರದ ಐನೂರು ವರ್ಷಗಳಿಗೂ ಹಿಂದಿನ ಈ ಸೂತ್ರದಲ್ಲಿ ಅಡಗಿದೆ. ಇದನ್ನು ಪ್ರತಿ ವರ್ಷ ಪರ್ವದಲ್ಲಿ ಓದಲಾಗುತ್ತದೆ. ಅರ್ಥವನ್ನೂ ಹೇಳಲಾಗುತ್ತದೆ. ಕೇಳುವವರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದಿಲ್ಲ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನಿಗಿರಬೇಕಾದ ಗುಣಗಳನ್ನು ಎಣಿಸುವಾಗ ಮೊಟ್ಟಮೊದಲಿಗೆ ಇಟ್ಟದ್ದು ಪೂಜೆಯನ್ನಲ್ಲ, ದಾನವನ್ನಲ್ಲ, ನ್ಯಾಯದಿಂದ ಗಳಿಸಿದ ಧನವನ್ನು. ಗಳಿಕೆ ಶುದ್ಧವಾದ ಮೇಲೆ ದಾನದ ಮಾತು. ಈ ಕ್ರಮ ತಿರುವುಮುರುವಾಗಿರುವುದೇ ಇಂದಿನ ರೋಗ. ದಾನ ದೊಡ್ಡದಿದ್ದರೆ ಗಳಿಕೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಪಂಚಕಲ್ಯಾಣ ಮಹೋತ್ಸವಗಳಲ್ಲಿ, ಅಭಿಷೇಕಗಳಲ್ಲಿ ಕೂಗುವ ಸವಾಲನ್ನು ನೋಡಿದರೆ ಇದು ಸ್ಪಷ್ಟ. ಸೌಧರ್ಮ ಇಂದ್ರನ ಪಾತ್ರ ಯಾರಿಗೆ? ಮೊದಲ ಕಳಶ ಯಾರದು? ಹೆಚ್ಚು ಕೂಗಿದವರದು. ಸವಾಲಿನ ಹಣದಿಂದ ಬಸದಿಗಳು ಜೀರ್ಣೋದ್ಧಾರವಾಗಿವೆ, ತ್ಯಾಗಿನಿವಾಸಗಳು ಎದ್ದಿವೆ, ಮಕ್ಕಳ ಓದು ನಡೆದಿದೆ, ಅದನ್ನು ಅಲ್ಲಗಳೆಯಲಾಗದು. ಸವಾಲು ಕೂಗುವವರಲ್ಲಿ ನಿಜವಾದ ಭಕ್ತರೂ, ಪ್ರಾಮಾಣಿಕ ದುಡಿಮೆಯವರೂ ಇದ್ದಾರೆ. ಆದರೂ ಅಂಗಳದಲ್ಲಿ ಕೂತ ಹತ್ತು ವರ್ಷದ ಹುಡುಗ ಅಂದು ಕಲಿಯುವುದೇನು? ಭಗವಂತನ ಹತ್ತಿರ ಮೊದಲು ನಿಲ್ಲುವವನು ಹೆಚ್ಚು ಹಣವುಳ್ಳವನು ಎಂಬುದನ್ನು. ಮೊಳಕೆ ತುಳಿಯುತ್ತ ಮೊದಲು ಒಳಗೆ ಬಂದವರಿಗೇ ಭರತನ ಸಭೆಯಲ್ಲಿ ಸನ್ಮಾನ ನಡೆದಿದ್ದರೆ ಹೇಗಿರುತ್ತಿತ್ತೋ ಹಾಗೆ. ಆ ಹುಡುಗ ದೊಡ್ಡವನಾಗಿ ಅಧಿಕಾರಿಯಾದಾಗ, ಗುತ್ತಿಗೆದಾರನಾದಾಗ, ಅವನಿಂದ ಬೇರೆ ಏನನ್ನು ನಿರೀಕ್ಷಿಸಬೇಕು? ಮೇಲಿನವರು ಕೆಟ್ಟರೆಂದು ಮರುಗುವ ಸಮಾಜವೇ ಅವರನ್ನು ಮೇಲಕ್ಕೆ ಏರಿಸುವ ಏಣಿಯನ್ನು ಬಸದಿಯ ಅಂಗಳದಲ್ಲಿ ಇಟ್ಟಿರುತ್ತದೆ.

ಆದ್ದರಿಂದ ಬದಲಾವಣೆಯೂ ಅಲ್ಲಿಂದಲೇ ಆಗಬೇಕು. ವರ್ಷಕ್ಕೆ ಒಂದು ಉತ್ಸವದಲ್ಲಾದರೂ ಮೊದಲ ಕಳಶವನ್ನು ಸವಾಲಿಗಿಡದೆ, ಅಣುವ್ರತಗಳನ್ನು ಹಲವು ಕಾಲ ಪಾಲಿಸಿ ಬಂದ ಒಬ್ಬರ ಕೈಗೆ ಕೊಡಬಹುದು. ಅವರು ಹಾಲು ಮಾರುವವರಿರಲಿ, ಬಸ್ಸಿನ ನಿರ್ವಾಹಕರಿರಲಿ. ಯಾರನ್ನು ಆರಿಸುವುದೆಂಬ ಚರ್ಚೆ ಊರಿನಲ್ಲಿ ನಡೆಯುವುದೇ ಒಂದು ಸ್ವಾಧ್ಯಾಯ. ಜಗಳವೂ ಆದೀತು. ಆಗಲಿ, ಯಾರ ಮನೆಯ ಮದುವೆಯಲ್ಲಿ ಎಷ್ಟು ತರಹದ ಸಿಹಿಯಿತ್ತೆಂಬ ಚರ್ಚೆಗಿಂತ ಯಾರ ತಕ್ಕಡಿ ನೆಟ್ಟಗಿದೆಯೆಂಬ ಚರ್ಚೆ ಮೇಲು.

ಸಂಗ್ರಹ ಕಡಿಮೆಯಾದೀತೆಂದು ಸಮಿತಿಯ ಖಜಾಂಚಿಗಳು ಚಿಂತಿಸುವುದು ಸಹಜ. ಅವರು ಹಳೆಯ ಲೆಕ್ಕಗಳನ್ನು ನೋಡಬೇಕು. ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ರಾಜಧಾನಿ. ಅಲ್ಲಿ ಸಿಕ್ಕ ರವಿವರ್ಮನ ತಾಮ್ರಪಟ ಪ್ರತಿ ವರ್ಷ ಎಂಟು ದಿನ ಜಿನೇಂದ್ರ ಮಹೋತ್ಸವ ನಡೆಯಬೇಕೆಂದು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕೆಂದು ಕಟ್ಟಳೆ ಮಾಡುತ್ತದೆ. ಶಾಸನಗಳು ದಾನಿಯ ಗುಣವನ್ನಷ್ಟೇ ಹೇಳುತ್ತವೆ, ಆ ರಾಜರೂ ಯುದ್ಧ ಮಾಡಿದವರೇ, ಅವರನ್ನು ದೇವರೆಂದುಕೊಳ್ಳಬೇಕಿಲ್ಲ. ಆದರೆ ಅಲ್ಲಿ ಒಂದು ದಿನದ ಕೂಗಾಟವಿಲ್ಲ, ವರ್ಷ ವರ್ಷವೂ ನಡೆಯುವ ನಿಯಮವಿದೆ. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯ ಕಥೆ ಇನ್ನೂ ಹತ್ತಿರದ್ದು. 1204ರ ಹೊತ್ತಿಗೆ ರಟ್ಟರ ದೊರೆ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ ರಟ್ಟ ಜಿನಾಲಯವನ್ನು ಕಟ್ಟಿಸಿದ. ಅದರ ಶಿಲಾಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬೆಳಗಾವಿಯವರು ತಮ್ಮ ಊರಿನ ಹಳೆಯ ಲೆಕ್ಕವನ್ನು ಓದಬೇಕಾದರೆ ಅಷ್ಟು ದೂರ ಹೋಗಬೇಕು. ದೊರೆ ಭೂಮಿ ಕೊಟ್ಟ. ಅಂದಿನ ವೇಣುಗ್ರಾಮದ ಪೇಟೆಯ ವರ್ತಕರು, ಲಾಟದಿಂದಲೂ ಮಲೆಯಾಳದಿಂದಲೂ ಬಂದವರನ್ನೊಳಗೊಂಡು, ಒಟ್ಟಾಗಿ ಸೇರಿ ತಮ್ಮ ತಮ್ಮ ಸರಕಿನ ಮೇಲೆ ಅಷ್ಟಷ್ಟು ಪಾಲನ್ನು ಜಿನಾಲಯಕ್ಕೆ ಬಿಟ್ಟರು. ಕೆಲವೇ ದಶಕಗಳಲ್ಲಿ ರಟ್ಟರ ರಾಜ್ಯ ಸೇವುಣರ ಪಾಲಾಯಿತು. ಕೋಟೆಯ ಒಡೆಯರು ಎಷ್ಟೋ ಸಲ ಬದಲಾದರು. ಛಾವಣಿಯ ಕಲ್ಲಿನ ಕಮಲದ ಕೆಳಗೆ ನೇಮಿನಾಥ ಸ್ವಾಮಿಯ ಪೂಜೆ ಇಂದು ಬೆಳಿಗ್ಗೆಯೂ ನಡೆದಿದೆ.